ತರಗತಿಯೊಳಗಿನ ಮುನಿಸಿಪಾಲಿಟಿ

ಅಮೆರಿಕ, ೧೨-೧೦-೧೯೬೧

ಶಂಕರಕ್ಕನಿಗೆ ನಮಸ್ಕಾರ. ಇಲ್ಲಿ ಚಳಿ ಜಾಸ್ತಿ, ಕೆಮ್ಮು ನಾಸ್ತಿ.

ನಿನ್ನೆ ಯೂನಿವರ್ಸಿಟಿಯ ರಾಜ್ಯಶಾಸ್ತ್ರ ವಿಭಾಗದವರು ನಾನಾ ದೇಶಗಳಿಂದ ಬಂದ ನಮಗೆ ನಾಯಕತ್ವ ಕಲಿಸಲು ಆಟದ ಮುನಿಸಿಪಾಲಿಟಿ ಕೂಡಿಸಿದರು. ಊರಲ್ಲಿ ಕೌನ್ಸಿಲರ್ ಅಲ್ಲವೇ ಎಂದು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ನಿಮ್ಮ ಬೀದಿಗೆ ನಲ್ಲಿ ಹಾಕಿಸುವ ವಿಷಯವನ್ನೇ ಚರ್ಚೆಗಿಟ್ಟೆ. ನಮ್ಮ ಪದ್ಧತಿಯಂತೆ ಮೊದಲಿಗೆ, ತೀರಿಕೊಂಡ ಯಾರೋ ಒಬ್ಬರಿಗೆ ಸಂತಾಪ ಸೂಚಿಸಿ, ಎದ್ದು ನಿಂತು ಮೌನ ಆಚರಿಸಿ, ಸಭೆ ಮುಂದೂಡಿ ಕಾಫಿಗೆ ಹೊರಟೆ.

“ನಲ್ಲಿ ಏನಾಯ್ತು?” ಅಂದರು ಪ್ರೊಫೆಸರು.

“ಮುಂದಿನ ಸಭೆಗೆ.”

“ನಿಮ್ಮೂರಲ್ಲಿ ಹೋದ ಸಭೆಗೆ ಏನಾಗಿತ್ತು?”

“ಆಗಲೂ ಯಾರೋ ತೀರಿಕೊಂಡಿದ್ದರು.”

ನನ್ನನ್ನು ಇಳಿಸಿ ಜಪಾನಿನ ಹೆಂಗಸೊಬ್ಬರನ್ನು ಕೂರಿಸಿದರು. ನನ್ನ ಕಾಫಿ ಆರುವುದರೊಳಗೆ ನಲ್ಲಿ ಸರ್ವಾನುಮತದಿಂದ ಪಾಸಾಯಿತು!

ಅಂತೂ ಅಕ್ಕ, ನಿಮ್ಮ ಬೀದಿಗೆ ನಲ್ಲಿ ಅಮೆರಿಕದಲ್ಲಿ ಮಂಜೂರಾಗಿದೆ. ನೀನು ಸದ್ಯಕ್ಕೆ ಮಂಡಿಗೆ ಎಣ್ಣೆ ಹಚ್ಚಿಕೊಂಡು, ಬಿಂದಿಗೆ ಹಿಡಿದು ಭದ್ರಾ ಹೊಳೆಗೇ ಹೋಗು.

ನಿನ್ನ ತಮ್ಮ,
ಷಡಕ್ಷರಪ್ಪ