ನಲವತ್ತೆಂಟಕ್ಕೆ ಅರಳುವ ಬುರುಗು

ಶಹಾಬಾದದ ಮೂರನೇ ಕಲ್ಲುಗಣಿ,
ಇಸವಿ ೨೨೧೪, ನಡುಬೇಸಿಗೆಯ ಐವತ್ತೊಂದನೇ ದಿನ

ಎರಡು ಶತಮಾನದ ಹಿಂದೆ ಕೂತು, ಆಕಾರ ನೆನಪಿಡುವ ಪ್ಲಾಸ್ಟಿಕ್ಕು ಮಾಡುತ್ತಿರುವ ಹಿರಿಯರಿಗೆ, ಜಗದೇವಿಯ ನಮಸ್ಕಾರ.

ತಾರೀಖು ನೋಡಿ ಕಾಗದ ಹರಿದು ಹಾಕಬೇಡಿ. ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ: ಮುಂಬೇಸಿಗೆ, ನಡುಬೇಸಿಗೆ, ಹಿಂಬೇಸಿಗೆ. ನಡುವೆ ಹದಿನೈದು ದಿನ ಮಳೆ ಬಂದರೆ ಅದಕ್ಕೊಂದು ಹೆಸರಿಡುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ಮಾತು ನಿಮಗೆ ಅಲ್ಲಲ್ಲಿ ಸೊಟ್ಟಗೆ ಕಂಡೀತು, ಕ್ಷಮಿಸಿ. ನಿಮ್ಮ ಬರಹವೂ ನಮಗೆ ಅಷ್ಟೇ ಸೊಟ್ಟಗೆ ಕಾಣುತ್ತದೆ, ಆದರೂ ಹಿರಿಯರದೆಂದು ಕಣ್ಣಿಗೊತ್ತಿಕೊಂಡು ಓದುತ್ತ ಬಂದಿದ್ದೇವೆ. ಅದರಲ್ಲಿ ಒಂದೇ ಒಂದು ಸಾಲನ್ನು ಇನ್ನು ಮುಂದೆ ಪಾಲಿಸುವುದಿಲ್ಲವೆಂದು ಹೇಳಲು ಈ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಕಾಲದವರು ಕಲ್ಲು ತೆಗೆದು ಬಿಟ್ಟುಹೋದ ಗಣಿಯಲ್ಲಿ ನಾವು ಇಳಿಮನೆಗಳನ್ನು ಮಾಡಿಕೊಂಡಿದ್ದೇವೆ. ಇಳಿಮನೆ ಎಂದರೆ ಮೆಟ್ಟಿಲಿಳಿದು ಹೋಗುವ, ಮೂರು ಕಡೆ ಹಾಸುಗಲ್ಲಿನ ಗೋಡೆಯುಳ್ಳ ಮನೆ. ಮೇಲೆ ಐವತ್ಮೂರು ಡಿಗ್ರಿ ಇದ್ದಾಗ ಕೆಳಗೆ ನಲವತ್ತನಾಲ್ಕು. ನಸುಕಿಗೇ ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿಟ್ಟು, ಹೊತ್ತೇರುವ ಮೊದಲೇ ಅರ್ಧ ಕೆಲಸ ಮುಗಿಸುತ್ತೇವೆ. ಅಯ್ಯೋ ಪಾಪ ಎನ್ನಬೇಡಿ. ನಮ್ಮಲ್ಲೂ ಮದುವೆಯಾಗುತ್ತದೆ, ಜಗಳವಾಗುತ್ತದೆ, ಉಪ್ಪಿನಕಾಯಿ ಚೆನ್ನಾಗಿಯೇ ಬರುತ್ತದೆ.

ನಾನು ಕಲಿಕೆಮನೆಯ ಯಜಮಾನಿ. ಅಲ್ಲಿ ಕಲಿಯುವುದು ಮಕ್ಕಳಲ್ಲ, ಬುರುಗು. ನೀವು ಶುರುಮಾಡಿದ ವಿದ್ಯೆಯೇ ಅದು: ಬಟಾಣಿಯಷ್ಟು ದಪ್ಪದ, ನೊರೆಯಂತೆ ಹಗುರಾದ ಪ್ಲಾಸ್ಟಿಕ್ ಬುರುಗಿಗೆ ಅದರ ಆಕಾರ ಕಲಿಸಿ, ಕಾಯಿಸಿ, ಹಿಂಡಿ, ಹಿಡಿದಂತೆಯೇ ತಣಿಸಿದರೆ ಜೀರಿಗೆ ಕಾಳಿನಷ್ಟಾಗಿ ಸುಮ್ಮನಿರುತ್ತದೆ. ತೊಡೆಯ ರಕ್ತನಾಳದಿಂದ ಎಳೆಯಂಥ ಕೊಳವೆ ತೂರಿಸಿ ತಲೆಯೊಳಗೆ ಉಬ್ಬಿದ ನಾಳದ ಹತ್ತಿರ ಬಿಟ್ಟರೆ, ಮೈಬಿಸಿಗೆ ಹಳೆಯದು ನೆನಪಾಗಿ ಅರಳಿ ಉಬ್ಬನ್ನು ತುಂಬಿಕೊಳ್ಳುತ್ತದೆ. ತಲೆಬುರುಡೆ ಕೊಯ್ಯಬೇಕಾಗಿಲ್ಲ. ಈ ವಿದ್ಯೆಗಾಗಿ ನಿಮಗೆ ಕೈಮುಗಿಯುತ್ತೇನೆ. ಜಗಳವಿರುವುದು ನೀವು ಡಬ್ಬಿಯ ಮೇಲೆ ಬರೆದ ಸಾಲಿನ ಜೊತೆ.

‘ಕೋಣೆಯ ಉಷ್ಣತೆಯಲ್ಲಿ, ಇಪ್ಪತ್ತೈದು ಡಿಗ್ರಿ ಮೀರದಂತೆ ಇಡತಕ್ಕದ್ದು.’

ಯಾರ ಕೋಣೆ ಸ್ವಾಮಿ? ನಮ್ಮ ಕೋಣೆಯಲ್ಲಿ ನಿಮ್ಮ ಬುರುಗು ಡಬ್ಬಿಯೊಳಗೇ ಅರಳಿ ಕೂರುತ್ತದೆ. ನಿಮ್ಮ ನಂತರ ಬಂದ ಅಳತೆಮಂಡಳಿ ಆ ಸಾಲನ್ನು ತಿದ್ದುವ ಬದಲು ಕಾನೂನು ಮಾಡಿತು. ಇಪ್ಪತ್ತೈದು ಡಿಗ್ರಿಯ ತಣ್ಣನೆಯ ಕೋಣೆ ಇಲ್ಲದ ಊರಿನಲ್ಲಿ ಯಾರ ತಲೆಗೂ ಬುರುಗು ಹಾಕುವಂತಿಲ್ಲ, ಬೇರೆ ಅಂಕಿಗೆ ಕಲಿಸುವಂತೆಯೂ ಇಲ್ಲ. ಇಲ್ಲಿ ಮಾಡಿದ್ದನ್ನು ಮಂಡಳಿ ಎಣಿಸಿ ಕೊಡುವ ಮಂಜುಗಡ್ಡೆಯಲ್ಲಿಟ್ಟು ತಂಪೂರುಗಳಿಗೆ ಕಳಿಸುತ್ತೇವೆ. ನಮ್ಮವರು ಅಲ್ಲಿಗೆ ಹೋಗಿ ಸರದಿ ನಿಲ್ಲಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹೋದ ಹಿಂಬೇಸಿಗೆಯಲ್ಲಿ ನನ್ನ ತಂಗಿ ಗುರುಬಾಯಿ ರೊಟ್ಟಿ ಬಡಿಯುತ್ತಲೇ ತಲೆ ಹಿಡಿದುಕೊಂಡು ಕುಸಿದಳು. ಉಬ್ಬು ಯಾವಾಗ ಬೇಕಾದರೂ ಒಡೆಯಬಹುದೆಂದು ತೂರುವೈದ್ಯೆ ಖಾಜಾಬೀ ಹೇಳಿದಳು. ಕೊಳವೆ ತೂರಿಸುವವರನ್ನು ನಾವು ಹಾಗೆ ಕರೆಯುತ್ತೇವೆ. ತಂಪೂರಿನಲ್ಲಿ ಸಿಕ್ಕ ಸರದಿ ಹನ್ನೊಂದು ತಿಂಗಳ ಆಚೆಗಿನದು. ಅಷ್ಟು ದಿನ ಅವಳು ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು, ಸರದಿ ಬರೆದುಕೊಂಡವನಿಗೂ ಗೊತ್ತಿತ್ತು.

ಮೊದಲು ನಾನು ದಡ್ಡತನ ಮಾಡಿದೆ. ಮಂಡಳಿಯ ಬುರುಗನ್ನೇ ಮಣ್ಣಿನ ಹೂಜಿಯಲ್ಲಿಟ್ಟು, ಹಸಿ ಮರಳಿನಲ್ಲಿ ಹೂತು, ಗಾಳಿ ಬೀಸುವ ಮೂಲೆಗಿಟ್ಟೆ. ನೀರು ತಣ್ಣಗಿಡುವ ಉಪಾಯ ನಮ್ಮ ಮನೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಇಪ್ಪತ್ತನಾಲ್ಕಕ್ಕೆ ಇಳಿಯಿತು. ಹಿಗ್ಗಿದೆ. ಮೂರನೇ ದಿನ ತೆಗೆದರೆ ಎಲ್ಲ ಕಾಳೂ ಅರಳಿದ್ದವು. ತಂಪಿನ ಜೊತೆ ತೇವವೂ ಒಳಗೆ ಹೋಗಿತ್ತು, ತೇವ ಕುಡಿದ ಬುರುಗು ಕಡಿಮೆ ಬಿಸಿಗೇ ಎಚ್ಚರಗೊಳ್ಳುತ್ತದೆ. ಇಪ್ಪತ್ತು ವರ್ಷ ಬುರುಗಿಗೆ ಕಲಿಸಿದವಳು ಹೂಜಿಯ ಹೆಮ್ಮೆಯಲ್ಲಿ ಅದನ್ನೇ ಮರೆತಿದ್ದೆ. ಅವತ್ತು ಗೋಡೆಗೆ ಒರಗಿ ಅತ್ತೆ.

ಅತ್ತು ಮುಗಿಸಿ ಎದ್ದಾಗ ನನಗೆ ಸಿಟ್ಟು ಬಂದಿತ್ತು. ಬುರುಗಿಗಾಗಿ ಊರನ್ನು ತಣಿಸುವುದೇಕೆ, ಊರಿಗೆ ತಕ್ಕಂತೆ ಬುರುಗನ್ನೇ ಕಲಿಸಬಾರದೇಕೆ? ನೀರಿಗೆ ಬೇಗ ಮೈಬಿಡದ ಹೊಸ ಪಾಕ ಮಾಡಿದೆ. ನಮ್ಮ ನಲವತ್ತನಾಲ್ಕರಲ್ಲಿ ಅದು ಗೊರಕೆ ಹೊಡೆದು ಮಲಗುತ್ತದೆ. ಮೈಬಿಸಿಗೂ ಏಳುವುದಿಲ್ಲ. ಕೊಳವೆಯಲ್ಲಿ ನಲವತ್ತೆಂಟು ಡಿಗ್ರಿಯ ಉಪ್ಪುನೀರನ್ನು ಒಂದಿಷ್ಟೇ ಹಾಯಿಸಿದರೆ ಅರಳುತ್ತದೆ. ಗಾಜಿನ ನಾಳದಲ್ಲಿ ನಾನೂ ಖಾಜಾಬೀಯೂ ಎಪ್ಪತ್ತು ಸಲ ಮಾಡಿ ನೋಡಿದೆವು. ಎಪ್ಪತ್ತು ಸಲವೂ ಅರಳಿತು.

ಆದರೆ ತಂಗಿಯ ತಲೆ ಗಾಜಲ್ಲ. ತಪ್ಪಿದರೆ ಮಾತು ನಿಲ್ಲಬಹುದು, ಉಸಿರೇ ನಿಲ್ಲಬಹುದು ಎಂದು ಏನನ್ನೂ ಮುಚ್ಚಿಡದೆ ಹೇಳಿದೆ. ಕಾನೂನಿನ ಮಾತನ್ನೂ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಅವರ ತಣ್ಣನ ಕ್ವಾಣಿ ಅವರಿಗೇ ಇರ್ಲಿ, ಅಕ್ಕ. ನನ್ನ ತಲಿ ನಂದು. ಹಾಕ್ರಿ.”

ಮರುದಿನ ಬೆಳಗ್ಗೆ ಹಾಕಿದೆವು. ಖಾಜಾಬೀ ಕೊಳವೆ ತೂರಿಸಿದಳು, ನಾನು ನೀರು ಕಾಯಿಸಿ ಮೂರು ಸಲ ಬಿಸಿ ಅಳೆದೆ. ಪರದೆಯ ಮೇಲೆ ಜೀರಿಗೆ ಕಾಳು ಉಬ್ಬಿನೊಳಗೆ ಜಾರಿತು, ನೀರು ಹಾಯಿಸಿದೆವು, ಅರಳಿತು. ಸಂಜೆ ಗುರುಬಾಯಿ ಎದ್ದು, ರೊಟ್ಟಿ ಯಾರು ಬಡಿದದ್ದು, ಚಪ್ಪಲಿಯ ಹಾಗಿದೆ ಎಂದು ನನ್ನನ್ನೇ ಬೈದಳು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ.

ಸುದ್ದಿ ನಿಲ್ಲುತ್ತದೆಯೇ? ಕೆಲವು ತಿಂಗಳು ಕಳೆದು ಈಗ ಮಂಡಳಿಯ ನೋಟೀಸು ಬಂದಿದೆ. ಕಾನೂನುಬಾಹಿರ ವಸ್ತುವನ್ನು ರೋಗಿಯ ತಲೆಯಿಂದ ತೆಗೆಸಿ ಹಾಜರುಪಡಿಸಬೇಕಂತೆ. ನನಗೂ ಖಾಜಾಬೀಗೂ ನಗು ತಡೆಯಲಾಗಲಿಲ್ಲ. ಆ ಬುರುಗು ಕೆಲವು ತಿಂಗಳಲ್ಲಿ ಕರಗಿಹೋಗುವಂಥದು. ಅದು ಕರಗಿದ ಜಾಗದಲ್ಲಿ ನನ್ನ ತಂಗಿಯ ಸ್ವಂತ ಮಾಂಸ ಬೆಳೆದು ಉಬ್ಬಿನ ಬಾಯಿ ಮುಚ್ಚಿದೆ. ತೆಗೆಯುವುದೇನನ್ನು? ಅವಳನ್ನೇ ಅವಳಿಂದ ತೆಗೆಯಬೇಕು.

ಊರಿನವರ ಬುದ್ಧಿವಾದ ಸರಳವಾಗಿದೆ. ಸಾಕ್ಷಿಯೇ ಇಲ್ಲ, ನಾನು ಮಾಡಿಲ್ಲ ಅಂದುಬಿಡು, ಬಚಾವಾಗುತ್ತಿ. ಒಪ್ಪಿಕೊಂಡರೆ ಹತ್ತು ವರ್ಷ ಕಲಿಕೆಮನೆಯ ಹೊಸ್ತಿಲು ತುಳಿಯುವಂತಿಲ್ಲ. ನನಗೀಗ ಐವತ್ತಾರು. ಹತ್ತು ವರ್ಷವೆಂದರೆ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು, ಹೆದರಿಕೆಯೂ ಇದೆ.

ಆದರೆ ನಾನು ಮಾಡಿಲ್ಲವೆಂದರೆ ಬುರುಗೂ ಇಲ್ಲವೆಂದಾಗುತ್ತದೆ. ರಾಯಚೂರಿನಲ್ಲಿ, ಯಾದಗಿರಿಯಲ್ಲಿ ತಲೆ ಹಿಡಿದುಕೊಂಡು ಕುಸಿದವರು ಸರದಿಯಲ್ಲೇ ಸಾಯುತ್ತಾರೆ. ಹಾಗಾಗಲು ನಾನು ಬಿಡುವುದಿಲ್ಲ.

ಹಿರಿಯರೇ, ನೀವು ಬುದ್ಧಿವಂತರು. ನಿಮ್ಮಲ್ಲಿ ಒಂದು ಬೇಡಿಕೆ. ಡಬ್ಬಿಯ ಮೇಲೆ ಅಂಕಿ ಬರೆಯುವ ಮುನ್ನ ನಿಮ್ಮ ತಣ್ಣನೆಯ ಕೋಣೆಯಿಂದ ಹೊರಗೆ ಬಂದು, ತಗಡಿನ ಸೂರಿನ ಕೆಳಗೆ ಒಂದು ಮಧ್ಯಾಹ್ನ ಕುಳಿತು ಬನ್ನಿ. ಬರದಿದ್ದರೂ ಸರಿ, ನಿಮಗಾಗಿ ನಾವು ಕಾಯುವುದಿಲ್ಲ.

ವಿಚಾರಣೆ ನಾಳೆ. ಅಲ್ಲಿ ಆಡಿದ ಪ್ರತಿ ಮಾತನ್ನೂ ಅಕ್ಷರ ಬಿಡದೆ ಬರೆದುಕೊಂಡು ಎಲ್ಲ ಊರಿನ ಕೂಗುಗಂಬಗಳಲ್ಲಿ, ಅಂದರೆ ಚೌಕದಲ್ಲಿ ಸುದ್ದಿ ಸಾರುವ ಕಂಬಗಳಲ್ಲಿ, ಓದಿಸಬೇಕೆಂದು ಮಂಡಳಿಯದೇ ಕಾನೂನಿದೆ. ಮಾಡಿದವಳು ನಾನೇ ಎಂದು ಮೊದಲ ಮಾತಿಗೇ ಹೇಳುತ್ತೇನೆ. ಹೇಗೆ ಮಾಡಿದೆ ಎಂದು ಅವರು ಕೇಳಲೇಬೇಕು. ಆಗ ಪಾಕದ ಅಳತೆಯಿಂದ ಹಿಡಿದು ಉಪ್ಪುನೀರಿನ ಬಿಸಿಯವರೆಗೆ ಎಲ್ಲವನ್ನೂ, ಬರೆದುಕೊಳ್ಳುವವನ ಕೈಗೆ ಸಿಗುವಷ್ಟು ನಿಧಾನವಾಗಿ, ಎರಡೆರಡು ಸಲ ಹೇಳುತ್ತೇನೆ.