ಕ್ರಯಕ್ಕೆ ಕೊಟ್ಟಿರೋ, ಭೋಗ್ಯಕ್ಕೋ?

ಕಾರಿನ ಆಟ ಮಾರುವ ಕಂಪನಿಯ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳಿಗೆ,
ವೈಟ್‌ಫೀಲ್ಡ್, ಬೆಂಗಳೂರು.

ಮಾನ್ಯರೇ,

ನಮ್ಮ ಮನೆಯ ಟಿವಿಯೊಳಗೆ ಓಡುತ್ತಿದ್ದ ಕಾರನ್ನು ತಾವು ಎತ್ತಿಕೊಂಡು ಹೋಗಿದ್ದೀರಿ. ಬೀಗ ಮುರಿದಿಲ್ಲ, ಬಾಗಿಲು ಒಡೆದಿಲ್ಲ, ಬೀದಿನಾಯಿ ಕೂಡ ಬೊಗಳಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸಿದ್ದಕ್ಕೆ ಮೊದಲು ಅಭಿನಂದನೆ. ಪೊಲೀಸ್ ಠಾಣೆಗೆ ಹೋದರೆ ಕಳುವಾದ ಗಾಡಿಯ ನಂಬರ್ ಹೇಳಿ ಎನ್ನುತ್ತಾರೆ. ತಮ್ಮ ಕಚೇರಿಗೇ ಬರೋಣವೆಂದರೆ, ಮಾರತ್ತಹಳ್ಳಿಯಿಂದ ಹೊರಟು ಟ್ರಾಫಿಕ್ಕು ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ತಾವು ಇನ್ನೊಂದು ಆಟವನ್ನು ಮುಚ್ಚಿರುತ್ತೀರಿ. ಅದಕ್ಕೇ ನಾಲ್ಕು ಜನ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಕಾರು ನನ್ನದಲ್ಲ, ನನ್ನ ಯಜಮಾನರಾದ ಬೈರಪ್ಪನವರದು. ರಿಂಗ್ ರೋಡ್ ಬರುವ ಮುಂಚೆ ಮಾರ್ಕೆಟ್ಟಿಗೆ ಸೊಪ್ಪಿನ ಟೆಂಪೋ ಓಡಿಸುತ್ತಿದ್ದರು. ರೋಡ್ ಬಂದ ಮೇಲೆ ಕಂಪನಿಗಳ ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು ತಿರುಗಿದರು. ಹೊಲವಿದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದು ಬಾಡಿಗೆ ಬರತೊಡಗಿದ ಮೇಲೂ ಸ್ಟೀರಿಂಗ್ ಬಿಡಲಿಲ್ಲ. ಕೂತು ಬಾಡಿಗೆ ವಸೂಲಿ ಮಾಡುವುದು ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ, ಆದ್ದರಿಂದ ಅದನ್ನು ನಾನು ಮಾಡುತ್ತೇನೆ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಒಂದು ದಿನ ಸಿಗ್ನಲ್ ಹತ್ತಿರ ಸಕ್ಕರೆ ಇಳಿದು, ಕಣ್ಣು ಕತ್ತಲಿಟ್ಟು, ಗಾಡಿ ಡಿವೈಡರ್ ಹತ್ತಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಲೈಸೆನ್ಸ್ ರಿನ್ಯೂವಲ್‌ಗೆ ಹೋದಾಗ ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಸರಿಯಾಗಿಯೇ ಮಾಡಿದರು. ಆದರೆ ಅಂದಿನಿಂದ ನಮ್ಮವರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವ ಒಬ್ಬೊಬ್ಬ ಡ್ರೈವರಿಗೂ ಬುದ್ಧಿ ಹೇಳುತ್ತಾ ನನ್ನ ಪ್ರಾಣ ತಿಂದರು.

ದಾರಿ ತೋರಿಸಿದವಳು ನಮ್ಮ ಮೇಲಿನ ಮನೆಯ ಬಾಡಿಗೆದಾರಳು ಶೈಲಶ್ರೀ, ಬಾಗಲಕೋಟೆ ಕಡೆಯ ಹುಡುಗಿ. "ಅಂಕಲ್‌ಗೆ ಕಾರಿನ ಗೇಮ್ ಹಾಕಿಕೊಡೂಣ್ರಿ ಆಂಟಿ. ಮನ್ಯಾಗ ಕುಂತು ಎಷ್ಟ್ ಬೇಕಾದ್ರೂ ಗಾಡಿ ಹೊಡೀಲಿ" ಎಂದಳು. ಟಿವಿಗೊಂದು ಪೆಟ್ಟಿಗೆ, ಮೇಜಿಗೆ ಸ್ಟೀರಿಂಗು, ಕಾಲಡಿಗೆ ಕ್ಲಚ್ಚು ಬ್ರೇಕು ಎಲ್ಲ ಬಂತು. ‘ಖರೀದಿಸಿ’ ಎಂಬ ಗುಂಡಿ ಒತ್ತಿ ತಮ್ಮ ಆಟವನ್ನು ಕೊಂಡೆವು. ಇದು ರೇಸಿನ ಆಟ ಎಂದು ಶೈಲಶ್ರೀ ಬಿಡಿಸಿ ಹೇಳಿದರೂ ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡುತ್ತಿದ್ದರು. ಹಿಂದಿನಿಂದ ಯಾರಾದರೂ ಬಂದರೆ ಸೈಡ್ ಕೊಡುತ್ತಿದ್ದರು. ಅಷ್ಟೂ ಕಾರುಗಳು ಮುಂದೆ ಹೋದ ಮೇಲೆ ನಿಧಾನಕ್ಕೆ ಬಂದು ಗೆರೆ ದಾಟಿ, "ವನಜಾ, ಬಾ ಇಲ್ಲಿ. ಒಂದ್ ಗೀರು ಬಿದ್ದಿದ್ರೆ ತೋರ್ಸು" ಎಂದು ನನ್ನನ್ನು ಅಡುಗೆಮನೆಯಿಂದ ಕರೆಯುತ್ತಿದ್ದರು. ಕೊನೆಯವರಾಗಿ ಬಂದು ಇಷ್ಟು ಖುಷಿಪಟ್ಟ ಗಿರಾಕಿ ತಮಗೆ ಇನ್ನೊಬ್ಬರು ಸಿಕ್ಕಿರಲಾರರು. ಆಯುಧಪೂಜೆಯ ದಿನ ಆ ಪ್ಲಾಸ್ಟಿಕ್ ಸ್ಟೀರಿಂಗಿಗೆ ಚೆಂಡುಹೂವಿನ ಹಾರ ಹಾಕಿದರು. ಟಿವಿಯ ಮುಂದೆ ಬೂದುಗುಂಬಳ ಒಡೆಯಲು ಹೋದವರನ್ನು ನಾನೇ ತಡೆದೆ.

ಹೋದ ತಿಂಗಳು ಆಟ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಶೈಲಶ್ರೀಯನ್ನು ಕರೆದೆ. ಅವಳು ಓದಿ, ಮುಖ ಸಣ್ಣದು ಮಾಡಿಕೊಂಡಳು.

"ಆಂಟಿ, ಕಾರಿನ ಲೈಸೆನ್ಸ್ ಮುಗದೈತಂತ್ರಿ."

"ಅದು ಮುಗ್ದು ಎರಡು ವರ್ಷ ಆಯ್ತಲ್ಲಮ್ಮ, ಈಗೇನಂತೆ?"

"ಅಂಕಲ್ ಅವರ್ದಲ್ರಿ. ಕಾರಿಂದು."

"ಕಾರಿಗೆಲ್ಲಿ ಲೈಸೆನ್ಸು? ಕಾರಿಗಿರೋದು ಆರ್‌ಸಿ ಕಣಮ್ಮ!"

ಲೈಸೆನ್ಸ್ ಇಲ್ಲದವರು ಟಿವಿಯಲ್ಲಿ ಕಾರು ಓಡಿಸುವುದು ಆರ್‌ಟಿಒ ಆಫೀಸಿಗೆ ಗೊತ್ತಾಗಿಹೋಯಿತು ಎಂದುಕೊಂಡು, ನಾನು ಮೊದಲು ಟಿವಿಯ ಪ್ಲಗ್ ಕಿತ್ತೆ. ಆಮೇಲೆ ಅವಳು ಕೂರಿಸಿಕೊಂಡು ತಿಳಿಹೇಳಿದಳು. ಕಾರು ತಯಾರಿಸುವವರು ತಮ್ಮ ಕಾರಿನ ಹೆಸರು, ರೂಪ ಬಳಸಿಕೊಳ್ಳಲು ನಿಮಗೆ ಇಷ್ಟು ವರ್ಷ ಎಂದು ಅನುಮತಿ ಕೊಟ್ಟಿರುತ್ತಾರಂತೆ. ಆ ಅವಧಿ ತೀರಿತಂತೆ. ಅದಕ್ಕೆ ಆಟವನ್ನು ಅಂಗಡಿಯಿಂದ ತೆಗೆದು, ಅದು ನಡೆಯಲು ಬೇಕಾದ ಸರ್ವರ್ ಎಂಬ ಕಂಪ್ಯೂಟರನ್ನೂ ನಿಲ್ಲಿಸಿದ್ದೀರಂತೆ. ಕೊಂಡವರು ಕೊಂಡಿದ್ದೇವೆ ಎಂದುಕೊಂಡು ಸುಮ್ಮನಿರಬೇಕಂತೆ.

ಆಹಾ! ನಮ್ಮ ರಸ್ತೆಯಲ್ಲಿ ವಯಸ್ಸು ಮೀರಿದ ಟೆಂಪೋಗಳು ಎಫ್‌ಸಿ ಮಾಡಿಸಿಕೊಂಡು, ಕರಿ ಹೊಗೆ ಉಗುಳುತ್ತಾ, ಒಂದು ಕಣ್ಣಿನ ದೀಪದಲ್ಲಿ ಇವತ್ತಿಗೂ ಓಡಾಡುತ್ತಿವೆ. ಹೊಗೆ ಬಿಡದ, ಪೆಟ್ರೋಲು ಕೇಳದ, ಪಾರ್ಕಿಂಗಿಗೆ ಜಗಳವಾಡದ, ಯಾವ ಗುಂಡಿಗೂ ಬೀಳದ ತಮ್ಮ ಕಾರಿಗೆ ಮಾತ್ರ ಆಯಸ್ಸು ಮುಗಿಯಿತೆ? ಅಷ್ಟಕ್ಕೂ ಮುಗಿದದ್ದು ನೀವು ಮತ್ತು ಕಾರಿನವರು ಮಾಡಿಕೊಂಡ ಕರಾರು. ನಮ್ಮ ಮನೆಯ ನಡುಮನೆಯಲ್ಲಿ ಕೂತ ಮನುಷ್ಯ ಅದಕ್ಕೆ ಯಾವಾಗ ಸಹಿ ಹಾಕಿದ್ದರು?

ಕರಾರಿನ ವಿಷಯ ನನಗೆ ಹೇಳಿಕೊಡಬೇಡಿ. ನಾನು ಮನೆ ಓನರ್. ಬೆಂಗಳೂರಿನ ಮನೆ ಓನರುಗಳನ್ನು ಇಡೀ ದೇಶವೇ ಬಯ್ಯುತ್ತದೆ, ಬಯ್ಯಲಿ. ನಾವು ರಾತ್ರಿ ಗೇಟಿಗೆ ಬೀಗ ಹಾಕುತ್ತೇವೆ, ನೀರು ಜಾಸ್ತಿ ಬಿಟ್ಟರೆ ಮೋಟಾರ್ ಆಫ್ ಮಾಡುತ್ತೇವೆ, ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇವೆ. ಆದರೆ ಬಾಡಿಗೆದಾರ ಆಫೀಸಿಗೆ ಹೋದಾಗ ಮನೆಯನ್ನೇ ಎತ್ತಿಕೊಂಡು ಹೋಗುವ ವಿದ್ಯೆ ನಮಗಿನ್ನೂ ಬಂದಿಲ್ಲ. ನಮ್ಮಲ್ಲಿ ಕ್ರಯವೆಂದರೆ ಕ್ರಯ, ಮಾರಿದವನು ಮತ್ತೆ ಹೊಸ್ತಿಲು ತುಳಿಯುವಂತಿಲ್ಲ. ಬಾಡಿಗೆಯೆಂದರೆ ಬಾಡಿಗೆ, ಬಿಡಿಸುವ ಮೊದಲು ನೋಟಿಸು. ಭೋಗ್ಯವೆಂದರೆ ಭೋಗ್ಯ, ಅವಧಿ ಮುಗಿದ ದಿನ ಇಟ್ಟುಕೊಂಡ ಹಣವಷ್ಟನ್ನೂ ಕೈಗಿಟ್ಟು ಮನೆ ಬಿಡಿಸಿಕೊಳ್ಳಬೇಕು. ತಾವು ಕ್ರಯದ ದುಡ್ಡು ತೆಗೆದುಕೊಂಡು, ಭೋಗ್ಯದ ಹಾಗೆ ಅವಧಿ ಇಟ್ಟು, ಹಣ ಹಿಂದಿರುಗಿಸುವ ಹೊತ್ತಿಗೆ ಎರಡೂ ಅಲ್ಲ ಎನ್ನುತ್ತೀರಿ. ಇಂಥ ವ್ಯವಹಾರ ಮಾಡಿದವರನ್ನು ನಮ್ಮ ಕಡೆ ಏನೆಂದು ಕರೆಯುತ್ತಾರೋ ಅದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ತಮ್ಮ ಗ್ರಾಹಕ ಸೇವೆಗೆ ಶೈಲಶ್ರೀ ಕೈಯಲ್ಲಿ ಬರೆಸಿದೆ. ಉತ್ತರ ಬಂತು. ನನ್ನ ಅಭಿಮಾನಕ್ಕೆ ಧನ್ಯವಾದವಂತೆ, ತಮ್ಮ ಹೊಸ ಆಟದಲ್ಲಿ ಇನ್ನೂ ಹೆಚ್ಚು ಕಾರುಗಳಿವೆಯಂತೆ. ಖರೀದಿಸಿ ಎಂದು ಅಲ್ಲೂ ಒಂದು ಗುಂಡಿ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ನಗು ಬರುವುದಿಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ನಾನು ತಳ್ಳುಗಾಡಿಯವನ ಹತ್ತಿರ ಸೊಪ್ಪು ಆರಿಸುತ್ತಿದ್ದೆ. ನಮ್ಮವರು ಎಲ್ಲೋ ಇಟ್ಟುಕೊಂಡಿದ್ದ ಇನ್ನೊಂದು ಕೀ ತೆಗೆದು, ಲೈಸೆನ್ಸ್ ಹೋದಂದಿನಿಂದ ಮನೆ ಮುಂದೆ ನಿಂತೇ ಇದ್ದ ನಮ್ಮ ನಿಜವಾದ ಕಾರು ತೆಗೆದುಕೊಂಡು ಹೋಗಿಬಿಟ್ಟರು. ಸರ್ವಿಸ್ ರೋಡಿನ ತಿರುವಿನಲ್ಲಿ ಕಾರು ಫುಟ್‌ಪಾತ್ ಹತ್ತಿ ನಿಂತಿತ್ತು. ನಾನು ಓಡಿಹೋದಾಗ ಅವರು ಬೆವರಿ ತೊಪ್ಪೆಯಾಗಿದ್ದರು, ಇಡ್ಲಿ ಅಂಗಡಿಯವಳು ಸಕ್ಕರೆ ನೀರು ಕುಡಿಸುತ್ತಿದ್ದಳು. ಬಂಪರಿನಿಂದ ಒಂದು ಮೊಳ ದೂರದಲ್ಲಿ ಪಕ್ಕದ ಪಿಜಿಯ ಹುಡುಗಿಯೊಬ್ಬಳು ಇಡ್ಲಿ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಬಾಯಲ್ಲಿ ತುತ್ತು. ಅವಳಿಗೆ ಅಳುವುದಕ್ಕೂ ಆಗುತ್ತಿರಲಿಲ್ಲ. ಅವಳ ಮುಖ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇದು ತಮ್ಮ ತಪ್ಪೆಂದು ನಾನು ಹೇಳುವುದಿಲ್ಲ. ಕೀ ತಿರುಗಿಸಿದವರು ನನ್ನ ಗಂಡ, ಕಾದಿಡಬೇಕಾಗಿದ್ದವಳು ನಾನು. ಕಾರು ಮಾರಿಬಿಡಿ ಎಂಬ ಸಲಹೆಯೂ ಬೇಡ. ಕೊಳ್ಳುವವರು ನೋಡಲು ಬಂದ ದಿನ ಅವರು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದರು. ಶುಕ್ರವಾರ ಮನೆಗೆ ಕರೆತಂದು ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದಿಷ್ಟೇ: "ಆ ಕಾರು ಯಾರ್ಗೂ ಗುದ್ತಿರ್ಲಿಲ್ಲ ಕಣೆ. ಅದ್ನ ಕಿತ್ಕೊಂಡ್ರು. ಗುದ್ದೋ ಕಾರು ಅಂಗೇ ಮನೆ ಮುಂದೆ ನಿಂತೈತೆ."

ನನಗೆ ಭಯವಾಗುತ್ತಿದೆ ಸ್ವಾಮಿ. ಅದಕ್ಕೇ ಕೇಳುತ್ತಿದ್ದೇನೆ: ಹಣ ಕೊಟ್ಟು ಕೊಂಡವರ ಮನೆಯಲ್ಲಿ ಆ ಆಟ ತಮ್ಮ ಸರ್ವರಿನ ಹಂಗಿಲ್ಲದೆ ಓಡುವಂತೆ ಮಾಡಿಕೊಡಿ. ಕಾರಿನವರು ಒಪ್ಪದಿದ್ದರೆ ಹೆಸರು ಅಳಿಸಿ, ಬ್ಯಾಡ್ಜ್ ಕಿತ್ತುಹಾಕಿ, ಎಣ್ಣೆ ಡಬ್ಬಕ್ಕೆ ನಾಲ್ಕು ಚಕ್ರ ಸಿಕ್ಕಿಸಿ ಕೊಡಿ. ಅದಕ್ಕೂ ಸೈಡ್ ಕೊಡುತ್ತಾ ಓಡಿಸುತ್ತಾರೆ ನಮ್ಮವರು. ಮುಂದೆ ಮಾರುವ ಆಟಗಳ ಗುಂಡಿಯ ಮೇಲೆ ‘ಬಾಡಿಗೆಗೆ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ, ನಮ್ಮ ಗೇಟಿನ ಮೇಲೆ ನಾವು ಬರೆಯುವುದಿಲ್ಲವೇ? ಇದಾವುದೂ ಆಗದಿದ್ದರೆ ತಮ್ಮ ವಿಭಾಗದಿಂದ ಯಾರನ್ನಾದರೂ ಕಳುಹಿಸಿ. ಊಟ, ಕಾಫಿ ನಮ್ಮದೇ. ಬೆಳಿಗ್ಗೆ ಎದ್ದು ಬೈರಪ್ಪನವರು "ಆಟ ಯಾವಾಗ ಬರ್ತದಂತೆ?" ಎಂದು ಕೇಳುತ್ತಾರೆ. ಅವರಿಗೆ ಉತ್ತರ ಕೊಡಲಿ. ನನ್ನಲ್ಲಿದ್ದ ಸುಳ್ಳುಗಳೆಲ್ಲ ಖರ್ಚಾಗಿವೆ.

ಇಂತಿ,
ತಮ್ಮ ಪಾಲಿಗೆ ಗ್ರಾಹಕಳು, ಬಾಡಿಗೆದಾರರ ಪಾಲಿಗೆ ಓನರಮ್ಮ,
ಸದ್ಯಕ್ಕೆ ಕಾರಿನ ಎರಡೂ ಕೀಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿರುವ
ವನಜಾ ಬೈರಪ್ಪ
ಮಾರತ್ತಹಳ್ಳಿ