ಗೋಪಾಲಮ್ಮ ಬೇಡ ಅಂದಿದ್ದ ಮೆಕ್ಯಾನಿಕ್

ಮಾರ್ಚ್ ೧೪, ಶುಕ್ರವಾರ. ಜಕ್ಕೂರು

ಬೋರ್‌ವೆಲ್ ಮೋಟ್ರು ಸರಿಹೋಯ್ತು. ಖುಷಿಯಾಗ್ಬೇಕು ತಾನೇ? ನಗು ಬರ್ತಿದೆ, ಜೊತೆಗೆ ಏನೋ ಸಂಕಟ.

ಒಂದು ವಾರದಿಂದ ನಮ್ಮ ನೀರಿನ ಸಂಪ್‌ಗೆ ಪಕ್ಕದ ಮನೆ ಗೋಪಾಲಮ್ಮನ ನೀರು. ದಿನಾ ಸಂಜೆ ಕಾಂಪೌಂಡ್ ಮೇಲಿಂದ ಪೈಪ್ ಕೊಟ್ಟು, ಸಂಪ್ ತುಂಬೋವರೆಗೂ ಅಲ್ಲೇ ನಿಂತು ಮಾತಾಡೋರು. ಕೆರೆ, ಸೊಸೆ, ಮಂಡಿನೋವು, ಎಲ್ಲ. ನಾನು ಯಾವ ಮೆಕ್ಯಾನಿಕ್ ಹೆಸರು ಹೇಳಿದ್ರೂ ಒಂದು ಕೊಂಕು. ಒಬ್ಬ ಕುಡೀತಾನೆ, ಇನ್ನೊಬ್ಬ ನೋಡದೇನೇ ಹೊಸ ಮೋಟ್ರು ಹಾಕ್ಸಿ ಅಂತಾನೆ. ಯಲಹಂಕದ ರಘುನಾಥ್ ಅಂದಾಗಂತೂ, "ಅವ್ನಾ? ಬ್ಯಾಡ ಕಣಮ್ಮ. ಬೋರ್ ಕೆಲ್ಸ ಅವ್ನಿಗೇನ್ ಗೊತ್ತು? ನೀರು ನಾನ್ ಕೊಡ್ತಿಲ್ವಾ, ನಿಂಗ್ಯಾಕೆ ಅವಸ್ರ?" ಅಂದಿದ್ರು. ನಾನೂ ನಂಬಿದ್ದೆ.

ಇವತ್ತು ನಮ್ಮೆಜಮಾನ್ರು ತಾಳ್ಮೆ ಕೆಟ್ಟು, ನನ್ನ ಕೇಳದೆ ಅದೇ ರಘುನಾಥನ್ನ ಕರೆಸಿಬಿಟ್ರು. ಮೋಟ್ರು ಮೇಲೆತ್ತಿ, ಸುಟ್ಟುಹೋಗಿದ್ದ ಕೇಬಲ್ ಬದಲಾಯಿಸಿ, ಮಧ್ಯಾಹ್ನದೊಳಗೆ ನೀರು ಬರೋ ಹಾಗೆ ಮಾಡಿದ. ಕೈ ತೊಳೀತಾ ಪಕ್ಕದ ಮನೆ ಕಡೆ ನೋಡಿ, "ಗೋಪಾಲಮ್ಮ ಚೆನ್ನಾಗಿದಾರಾ ಮೇಡಂ? ಅವ್ರ ಬೋರ್ ಮೊದ್ಲಿಂದ್ಲೂ ನಾನೇ ನೋಡ್ಕೊಳ್ಳೋದು" ಅಂದ.

ಕಳ್ಳಿ!

ಸಂಜೆ ಅದೇ ಹೊತ್ತಿಗೆ ಪೈಪ್ ಹಿಡ್ಕೊಂಡು ಗೋಡೆ ಹತ್ರ ಬಂದ್ರು. ಮುಖ ಸಪ್ಪಗಿತ್ತು.

"ಮೋಟ್ರು ಸರಿಯಾಯ್ತಂತೆ?"

"ಆಯ್ತಮ್ಮ. ಆದ್ರೆ ಆ ರಘುನಾಥನ ಕೆಲ್ಸ, ನಂಬೋಕಾಗಲ್ಲ. ಪೈಪ್ ಇನ್ನೂ ಸ್ವಲ್ಪ ದಿನ ಇರ್ಲಿ."

"ನಾನ್ ಹೇಳಿರ್ಲಿಲ್ವಾ!" ಅಂದ್ರು. ಆ ಮುಖ ಅರಳಿದ್ದು ನೋಡ್ಬೇಕಿತ್ತು. ಓಡಿಹೋಗಿ ನಲ್ಲಿ ತಿರುಗಿಸಿದ್ರು, ಆ ಮಂಡಿನೋವು ಇಟ್ಕೊಂಡು.

ನಮ್ಮ ಸಂಪ್ ತುಂಬಿ ತುಳುಕ್ತಿತ್ತು. ಪೈಪನ್ನ ಮೆಲ್ಲಗೆ ದಾಸವಾಳದ ಬುಡಕ್ಕೆ ತಿರುಗಿಸಿ, ಮಾತಿಗೆ ನಿಂತೆ.